ಕಡಲಿನ ಸೀಲ್‌ಗಳಿಗೂ ಇನ್‌ಫ್ಲುಯೆಂಜಾ

ಮಳೆಗಾಲ ಕಾಲಿಟ್ಟಿತೆಂದರೆ ಮನೆಮನೆಗಳಲ್ಲಿ ನೆಗಡಿ, ಕೆಮ್ಮು, ಜ್ವರಗಳ ಹಾವಳಿ ಆರಂಭವಾಗುವುದು ಸರ್ವವಿದಿತ. ಈ ಜ್ವರಗಳಲ್ಲಿ ಒಂದಾದ ಇನ್‌ಫ್ಲುಯೆಂಜಾ ಮಾನವನಿಗಷ್ಟೇ ಮೀಸಲಾದ ರೋಗವಲ್ಲ. ಕಡಲಿನಲ್ಲಿ ಮೀನು ಹಿಡಿದು ತಿಂದು, ದಡದಲ್ಲಿ ಮರಿಗಳಿಗೆ ಹಾಲೂಡಿಸುವ ಸೀಲ್ ಎಂಬ ಸಸ್ತನಿಗಳೂ ಇದಕ್ಕೆ ಬಲಿಯಾಗುತ್ತಿವೆ.

1979ರ ಕೊನೆಯಲ್ಲಿ ಅಮೆರಿಕದ ಕೇಪ್ ಕಾಡ್ ತೀರದಲ್ಲಿ ಸೀಲ್‌ಗಳು ಸಾಯತೊಡಗಿದವು. ಮರುವರ್ಷದ ಹೊತ್ತಿಗೆ ಸತ್ತವುಗಳ ಸಂಖ್ಯೆ 400ನ್ನು ಮೀರಿತು. ನ್ಯುಮೋನಿಯಾದಿಂದ ಸತ್ತ ಆ ಪ್ರಾಣಿಗಳ ಶ್ವಾಸಕೋಶಗಳಲ್ಲಿ ಎಚ್7ಎನ್7 ಎಂಬ ವೈರಾಣು ಪತ್ತೆಯಾಯಿತು. ಅದು ಮೂಲತಃ ಹಕ್ಕಿಗಳ ವೈರಾಣು. ಶವಪರೀಕ್ಷೆ ನಡೆಸಿದ ಕೆಲವರ ಕಣ್ಣುಗಳೂ ಕೆಂಪಾಗಿ ಊದಿಕೊಂಡವು. ಅದೃಷ್ಟವಶಾತ್ ಕೆಲವೇ ದಿನಗಳಲ್ಲಿ ಅವರು ಗುಣಮುಖರಾದರು. ಮುಂದೆ 2011ರಲ್ಲಿ ಅದೇ ನ್ಯೂ ಇಂಗ್ಲೆಂಡ್ ಪ್ರದೇಶದಲ್ಲಿ ಎಚ್3ಎನ್8 ವೈರಾಣು 162 ಸೀಲ್‌ಗಳನ್ನು ಬಲಿ ತೆಗೆದುಕೊಂಡಿತು.

ಹಕ್ಕಿಯ ರೋಗ ಸೀಲಿಗೆ ಬರುವುದು ಹೇಗೆ? ಕಾಡುಬಾತು, ಕಡಲಕಾಗೆ ಮೊದಲಾದವುಗಳ ಕರುಳಿನಲ್ಲಿ ವೈರಾಣುಗಳು ನೆಲೆಸಿ ಹಿಕ್ಕೆಯೊಡನೆ ಹೊರಬೀಳುತ್ತವೆ. ಹಕ್ಕಿಗಳೂ ಸೀಲ್‌ಗಳೂ ಒಂದೇ ದಡವನ್ನು ಹಂಚಿಕೊಳ್ಳುವುದರಿಂದ ಸೋಂಕಿಗೆ ದಾರಿಯಾಗುತ್ತದೆ. ಇನ್‌ಫ್ಲುಯೆಂಜಾ 'ಎ' ವೈರಾಣುವಿನ ವಂಶವಾಹಿ 8 ತುಣುಕುಗಳಲ್ಲಿರುತ್ತದೆ. ಎರಡು ಬಗೆಯ ವೈರಾಣುಗಳು ಒಂದೇ ಪ್ರಾಣಿಯ ಒಡಲನ್ನು ಸೇರಿದರೆ ಈ ತುಣುಕುಗಳು ಅದಲುಬದಲಾಗಿ ಹೊಸದೊಂದು ವೈರಾಣು ಹುಟ್ಟಬಹುದು. ವಿಜ್ಞಾನಿಗಳ ಆತಂಕಕ್ಕೆ ಇದೇ ಕಾರಣ.

ರೋಗದ ಈ ಸಂಚಾರ ಒಂದೇ ದಿಕ್ಕಿನದಲ್ಲ. ಮಾನವನಲ್ಲಿ ಮಾತ್ರ ಇರುವುದೆಂದು ನಂಬಲಾಗಿದ್ದ ಇನ್‌ಫ್ಲುಯೆಂಜಾ 'ಬಿ' ವೈರಾಣು 1999ರಲ್ಲಿ ನೆದರ್‌ಲೆಂಡ್ಸ್‌ನ ಸೀಲ್‌ಗಳಲ್ಲಿ ಕಂಡುಬಂತು. ಅದು ನಮ್ಮಿಂದಲೇ ಅವುಗಳಿಗೆ ದಾಟಿದ ವೈರಾಣು!

ಎಲ್ಲಕ್ಕಿಂತ ಹೃದಯವಿದ್ರಾವಕವಾದ ಘಟನೆ ನಡೆದದ್ದು 2023ರಲ್ಲಿ. ಅರ್ಜೆಂಟೀನಾದ ವಾಲ್ಡೆಸ್ ಪರ್ಯಾಯದ್ವೀಪದಲ್ಲಿ ಎಚ್5ಎನ್1 ಹಕ್ಕಿಜ್ವರ ಆನೆಸೀಲ್‌ಗಳ ಹೆರಿಗೆಯ ಕಾಲದಲ್ಲೇ ಹರಡಿತು. 17,000ಕ್ಕೂ ಹೆಚ್ಚು ಮರಿಗಳು ಅಸುನೀಗಿದವು. ಆ ವರ್ಷ ಅಲ್ಲಿ ಹುಟ್ಟಿದ ಮರಿಗಳಲ್ಲಿ ಬಹುಪಾಲು ಉಳಿಯಲಿಲ್ಲ. ತಾಯಂದಿರ ಮೊಲೆಹಾಲು ಕುಡಿಯಬೇಕಾಗಿದ್ದ ಮರಿಗಳ ಶವಗಳಿಂದ ದಡ ತುಂಬಿಹೋಯಿತು.

ದೂರದ ಕಡಲಿನ ಈ ಸಂಕಟದಲ್ಲಿ ನಮಗೂ ಪಾಠವಿದೆ. ಎಲ್ಲಿಯಾದರೂ ಹಕ್ಕಿಗಳು ಗುಂಪಾಗಿ ಸತ್ತು ಬಿದ್ದಿದ್ದರೆ ಅವನ್ನು ಬರಿಗೈಯಲ್ಲಿ ಮುಟ್ಟಬಾರದು. ಮಕ್ಕಳನ್ನು ಹತ್ತಿರ ಬಿಡಬಾರದು. ಸಮೀಪದ ಪಶುವೈದ್ಯರಿಗೆ ತಿಳಿಸಬೇಕು. ಹಕ್ಕಿ, ಮೃಗ, ಮಾನವರ ಆರೋಗ್ಯ ಒಂದಕ್ಕೊಂದು ಹೆಣೆದುಕೊಂಡಿದೆ. ಒಂದು ಜೀವಿಯ ನೋವನ್ನು ಇನ್ನೊಂದು ಜೀವಿ ಅಲಕ್ಷಿಸುವಂತಿಲ್ಲ.