ಹಿಮಯುಗಗಳು ಮತ್ತು ಕುಮಾರಪರ್ವತದ ಸಸ್ಯವೈವಿಧ್ಯ

ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳ ಅಡಕೆ ತೋಟಗಳಿಂದ ಪೂರ್ವಕ್ಕೆ ಸಾಗಿದರೆ ನೆಲವು ಸಹ್ಯಾದ್ರಿಯ ಗೋಡೆಗೆ ಬಂದು ನಿಲ್ಲುತ್ತದೆ. ಸುಬ್ರಹ್ಮಣ್ಯದ ಬೆನ್ನಿಗಿರುವ ಕುಮಾರಪರ್ವತದ ಎತ್ತರ 1712 ಮೀಟರ್. ಅದರ ಬುಡದಲ್ಲಿ ನಿತ್ಯಹರಿದ್ವರ್ಣದ ದಟ್ಟ ಕಾಡು, ನೆತ್ತಿಯಲ್ಲಿ ಹುಲ್ಲುಗಾವಲು, ಹುಲ್ಲಿನ ನಡುವಣ ಕಣಿವೆಗಳಲ್ಲಿ ಕುಬ್ಜ ಮರಗಳ ಶೋಲಾ ಕಾಡು. ಒಂದು ದಿನದ ನಡಿಗೆಯೊಳಗೆ ಕಾಣುವ ಈ ಭಿನ್ನತೆಗೆ ಎತ್ತರ ಮತ್ತು ಮಳೆಯೇ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಆದರೆ ಇಂದಿನ ಹವಾಮಾನವಷ್ಟೇ ಇದನ್ನು ಪೂರ್ಣವಾಗಿ ವಿವರಿಸಲಾರದು. ಗತಕಾಲದ ಹಿಮಯುಗಗಳ ಪಾತ್ರವನ್ನೂ ಇಲ್ಲಿ ಪರಿಗಣಿಸಬೇಕಾಗುತ್ತದೆ.

ಹಿಮವಿಲ್ಲದ ಹಿಮಯುಗ

ಕಳೆದ ಸುಮಾರು 26 ಲಕ್ಷ ವರ್ಷಗಳಲ್ಲಿ ಭೂಮಿಯು ಹಲವು ಬಾರಿ ತಣಿದು ಮತ್ತೆ ಬೆಚ್ಚಗಾಗಿದೆ. ಯುರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಹಿಮನದಿಗಳು ಸಸ್ಯಗಳನ್ನು ಅಂಚಿಗೆ ತಳ್ಳಿದವು. ಸಹ್ಯಾದ್ರಿಯ ಈ ಭಾಗದಲ್ಲಿ ಹಿಮನದಿಗಳಿರಲಿಲ್ಲ. ಇಲ್ಲಿ ಹಿಮಯುಗವೆಂದರೆ ತಂಪು ಹೆಚ್ಚಿ ಮುಂಗಾರು ಕ್ಷೀಣಿಸಿದ ಕಾಲ. ಸುಮಾರು 20,000 ವರ್ಷಗಳ ಹಿಂದೆ ಕಡಲಿನ ಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಮಂಗಳೂರಿನ ಕಡಲತೀರವು ಹತ್ತಾರು ಕಿಲೋಮೀಟರ್ ಪಶ್ಚಿಮಕ್ಕೆ ಸರಿದಿತ್ತು.

ಆ ಕಾಲದ ಸಸ್ಯವರ್ಗದ ಕುರುಹು ನೀಲಗಿರಿಯ ಜೌಗುಮಣ್ಣಿನಲ್ಲಿ ಉಳಿದಿದೆ. ಹುಲ್ಲು ಮತ್ತು ಮರಗಳು ಇಂಗಾಲದ ಐಸೊಟೋಪುಗಳನ್ನು ಭಿನ್ನ ಪ್ರಮಾಣದಲ್ಲಿ ಹೀರಿಕೊಳ್ಳುವುದರಿಂದ, ಪದರಪದರವಾಗಿ ಕೂಡಿದ ಮಣ್ಣನ್ನು ವಿಶ್ಲೇಷಿಸಿ ಯಾವ ಕಾಲದಲ್ಲಿ ಯಾವುದು ಪ್ರಬಲವಾಗಿತ್ತೆಂದು ತಿಳಿಯಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹಿಮಯುಗದ ಪರಾಕಾಷ್ಠೆಯ ಶುಷ್ಕ ಕಾಲದಲ್ಲಿ ಅಲ್ಲಿ ಹುಲ್ಲೇ ಪ್ರಬಲವಾಗಿತ್ತು. ಎತ್ತರದ ಹುಲ್ಲುಗಾವಲೆಲ್ಲ ಮನುಷ್ಯನು ಕಾಡು ಕಡಿದು ಮಾಡಿದ ಬೋಳುನೆಲವೆಂಬ ಗ್ರಹಿಕೆಯನ್ನು ಇದು ಅಲ್ಲಗಳೆಯುತ್ತದೆ.

ನೆತ್ತಿಯ ಆಶ್ರಯ, ಕಣಿವೆಯ ಆಶ್ರಯ

ಪ್ರತಿ ಸಾವಿರ ಮೀಟರ್ ಏರಿಕೆಗೆ ಉಷ್ಣತೆ ಸುಮಾರು 6 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಹಿಮಯುಗದಲ್ಲಿ 4 ಡಿಗ್ರಿ ತಣಿದಿತ್ತೆಂದು ಭಾವಿಸಿದರೆ, ಇಂದು ಕುಮಾರಪರ್ವತದ ನೆತ್ತಿಯಲ್ಲಿರುವ ತಂಪು ಆಗ ಸುಮಾರು 1050 ಮೀಟರ್ ಎತ್ತರದಲ್ಲೇ ದೊರೆಯುತ್ತಿತ್ತು. ಅಂದರೆ ತಂಪು ಬಯಸುವ ಸಸ್ಯಗಳು ಕೆಳಗಿಳಿದು, ಕೊಡಗಿನ ಏರುಸಾಲಿನುದ್ದಕ್ಕೂ ಹರಡಲು ಅವಕಾಶವಿತ್ತು. ಬಿಸಿ ಮರಳಿದಾಗ ಅವು ಪುನಃ ಶಿಖರಗಳಿಗೆ ಹಿಂದೆಗೆದವು. ಒಂದೊಂದು ಶಿಖರವೂ ದ್ವೀಪವಾಯಿತು. ಹೀಗೆ ಬೇರ್ಪಟ್ಟ ಸಮುದಾಯಗಳು ಕಾಲಕ್ರಮದಲ್ಲಿ ಭಿನ್ನ ಪ್ರಭೇದಗಳಾಗಬಲ್ಲವು. ಮಳೆಗಾಲದ ಒದ್ದೆ ಬಂಡೆಗಳ ಮೇಲೆ ಅರಳುವ ಕರ್ಣಕುಂಡಲದ ಕುಲವು ಪಶ್ಚಿಮಘಟ್ಟದಲ್ಲಿ ನೂರಕ್ಕೂ ಹೆಚ್ಚು ಪ್ರಭೇದಗಳನ್ನು ಹೊಂದಿದ್ದು, ಅವುಗಳಲ್ಲಿ ಬಹುಪಾಲು ಬೇರೆಲ್ಲಿಯೂ ಕಾಣಸಿಗವು. ಈ ಕುಲದ ಕ್ಷಿಪ್ರ ಕವಲೊಡೆಯುವಿಕೆಯನ್ನು ಸಂಶೋಧಕರು ಹವಾಮಾನದ ಇಂತಹ ಏರಿಳಿತಗಳೊಂದಿಗೆ ಜೋಡಿಸಿದ್ದಾರೆ.

ಬುಡದ ಕಾಡಿನ ಕಥೆ ಇದಕ್ಕೆ ವಿರುದ್ಧವಾದುದು. ಧೂಪದ ಮರದ ಬೀಜ ಭಾರವಾದುದು. ಒಣಗಿದರೆ ಬೇಗನೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಇಂತಹ ಮರಗಳು ದೂರಕ್ಕೆ ಬೇಗನೆ ವಲಸೆ ಹೋಗಲಾರವು. ಮಳೆ ಕ್ಷೀಣಿಸಿದ ಕಾಲದಲ್ಲಿ ಅವುಗಳನ್ನು ಉಳಿಸಬಲ್ಲವು ನೀರು ಬತ್ತದ ಕಣಿವೆಗಳು ಮಾತ್ರ. ಆದುದರಿಂದ ಬಿಸಿ ಕಾಲಕ್ಕೆ ನೆತ್ತಿಯೂ ಶುಷ್ಕ ಕಾಲಕ್ಕೆ ಕಣಿವೆಯೂ ಆಶ್ರಯತಾಣಗಳೆನ್ನಬಹುದು. ಒಂದೇ ಇಳಿಜಾರಿನಲ್ಲಿ ಇವೆರಡೂ ಇರುವುದೇ ಈ ಪರ್ವತದ ವೈಶಿಷ್ಟ್ಯ.

ಮುಂದಿನ ಪ್ರಶ್ನೆ

ಹಿಂದಿನ ಬದಲಾವಣೆಗಳಲ್ಲಿ ಸಸ್ಯಗಳಿಗೆ ಸಾವಿರಾರು ವರ್ಷಗಳ ಅವಧಿಯಿತ್ತು, ಏರಿಳಿಯಲು ಅಖಂಡವಾದ ಇಳಿಜಾರಿತ್ತು. ಇಂದು ಎರಡೂ ಕಿರಿದಾಗುತ್ತಿವೆ. ಉಷ್ಣತೆ ಇನ್ನು 2 ಡಿಗ್ರಿ ಏರಿದರೆ, ಈಗ ಸುಮಾರು 1400 ಮೀಟರಿನಲ್ಲಿರುವ ಹವೆ ಕುಮಾರಪರ್ವತದ ನೆತ್ತಿಯನ್ನು ತಲುಪುತ್ತದೆ. ಅದಕ್ಕಿಂತ ಮೇಲೆ ಹೋಗಲು ಅಲ್ಲಿ ನೆಲವಿಲ್ಲ. ಪುಷ್ಪಗಿರಿ ವನ್ಯಜೀವಿಧಾಮವು 2012ರಿಂದ ವಿಶ್ವಪರಂಪರೆಯ ತಾಣಗಳಲ್ಲಿ ಸೇರಿದೆ. ಆದರೆ ನೆತ್ತಿಯನ್ನಷ್ಟೇ ಕಾಯ್ದು ನಡುಭಾಗವನ್ನು ತುಂಡರಿಸಿದರೆ ಆಶ್ರಯಗಳ ನಡುವಣ ದಾರಿ ಕಡಿಯುತ್ತದೆ. ಹುಲ್ಲುಗಾವಲನ್ನು ಖಾಲಿ ಜಾಗವೆಂದು ತಿಳಿದು ನೀಲಗಿರಿಯಲ್ಲಿ ವ್ಯಾಟಲ್, ಪೈನ್ ನೆಟ್ಟುದರ ಪರಿಣಾಮವಾಗಿ ಅಲ್ಲಿನ ಮೂಲ ಹುಲ್ಲುನೆಲದ ಬಹುಭಾಗ ನಷ್ಟವಾದುದನ್ನು ಇಲ್ಲಿ ನೆನೆಯಬೇಕು.

ಒಟ್ಟಿನಲ್ಲಿ, ಕುಮಾರಧಾರೆಯ ದಡದ ಧೂಪದಿಂದ ನೆತ್ತಿಯ ಹುಲ್ಲಿನವರೆಗೆ ಇಡೀ ಇಳಿಜಾರನ್ನು ಒಂದೇ ಘಟಕವಾಗಿ ಪರಿಗಣಿಸುವುದೇ ಹಿಮಯುಗಗಳ ಇತಿಹಾಸ ನಮಗೆ ಕಲಿಸುವ ಸಂರಕ್ಷಣೆಯ ಪಾಠ.