ಹರಗಿದ ಹೊಲದಲ್ಲಿ ಉಳಿದ ಬೀಜ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಎರಿ ಹೊಲಗಳಲ್ಲಿ ಹಿಂಗಾರಿ ಬಿಳಿಜೋಳ ಬಿತ್ತುವ ರೈತ ಮುಂಗಾರಿನಲ್ಲಿ ಸುಮ್ಮನೆ ಕೂರುವುದಿಲ್ಲ. ಮಳೆ ಬಿದ್ದು ಕಸ ಎದ್ದಾಗಲೆಲ್ಲ ಕುಂಟಿ ಹೂಡಿ ಹರಗುತ್ತಾನೆ. ಹರಗಿದ ಹೊಲ ನೋಡಿದರೆ ಕಪ್ಪು ಮಣ್ಣೇ ಮಣ್ಣು, ಒಂದು ಹಸಿರು ಎಸಳೂ ಕಾಣದು. ಆದರೂ ಕಸ ತೀರಿಲ್ಲವೆಂದು ಅವನಿಗೆ ಗೊತ್ತು. ಕುಂಟಿಯ ಅಲಗಿಗೆ ಸಿಕ್ಕಿದ್ದು ಮೊಳೆತವು ಮಾತ್ರ. ಅದೇ ಗಿಡದ, ಅದೇ ಜಾತಿಯ ಇನ್ನಷ್ಟು ಬೀಜ ಮೊದಲ ಮಳೆಗೆ ಕಣ್ಣು ಬಿಡದೆ ಮಣ್ಣಲ್ಲಿ ಮಲಗಿರುತ್ತದೆ. ಅದಕ್ಕೇ ಮತ್ತೊಂದು ಮಳೆ, ಮತ್ತೊಮ್ಮೆ ಹರಗುವುದು.

ಕ್ಷಯಕ್ಕೆ ಆರು ತಿಂಗಳು ಗುಳಿಗೆ ಯಾಕೆ ಎಂಬ ಪ್ರಶ್ನೆಗೆ ಉತ್ತರ ಈ ಹೊಲದಲ್ಲೇ ಇದೆ.

1944ರಲ್ಲಿ ಐರ್ಲೆಂಡಿನ ಜೋಸೆಫ್ ಬಿಗರ್ ಎಂಬ ವೈದ್ಯ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾದ ಮೇಲೆ ಪೆನಿಸಿಲಿನ್ ಪ್ರಯೋಗಿಸಿ ನೋಡಿದ. ಪೆನಿಸಿಲಿನ್ ಆಗಿನ್ನೂ ಹೊಸ ಮದ್ದು. ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಸತ್ತವು, ಆದರೆ ಹತ್ತು ಲಕ್ಷಕ್ಕೆ ಒಂದರಂತೆ ಕೆಲವು ಉಳಿದುಕೊಂಡವು. ಉಳಿದವನ್ನು ಬೆಳೆಸಿ ಮತ್ತೆ ಅದೇ ಮದ್ದು ಹಾಕಿದರೆ ಅವುಗಳ ಮರಿಗಳೂ ಮೊದಲಿನಂತೆಯೇ ಸತ್ತವು, ಮತ್ತೆ ಬೆರಳೆಣಿಕೆಯಷ್ಟು ಉಳಿದವು. ಬಿಗರ್ ಅವನ್ನು ಪರ್ಸಿಸ್ಟರ್ ಎಂದು ಕರೆದ. ಪೆನಿಸಿಲಿನ್ ಕೊಲ್ಲುವುದು ಬ್ಯಾಕ್ಟೀರಿಯಾ ತನ್ನ ಮೈಗೋಡೆ ಕಟ್ಟುವಾಗ ಅಡ್ಡ ಬಂದು. ಗೋಡೆಯನ್ನೇ ಕಟ್ಟದೆ ಮಲಗಿದ್ದಕ್ಕೆ ಯಾವ ಅಡ್ಡಿ? ಎಮ್ಮೆಯ ಕೆಚ್ಚಲು ಬಾವು ವಾಸಿಯಾದಂತೆ ಕಂಡು ಮತ್ತೆ ಮರಳುವುದರ ಹಿಂದೆಯೂ ಎಷ್ಟೋ ಸಲ ಇದೇ ಸ್ಟ್ಯಾಫಿಲೊಕಾಕಸ್ ಇರುತ್ತದೆ.

ಇಲ್ಲೊಂದು ಗೊಂದಲ ಬಿಡಿಸಬೇಕು. ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಬೇರೆ, ಮದ್ದಿನ ಕಾಲ ಕಳೆದು ಉಳಿಯುವ ಬ್ಯಾಕ್ಟೀರಿಯಾ ಬೇರೆ. ಮೊದಲನೆಯದರ ವಂಶವಾಹಿಯೇ ಬದಲಾಗಿರುತ್ತದೆ, ಅದು ಮದ್ದಿನ ನಡುವೆಯೇ ಬೆಳೆಯುತ್ತದೆ. ಎರಡನೆಯದು ಬೆಳೆಯುವುದಿಲ್ಲ, ನಿದ್ದೆಯಲ್ಲಿರುತ್ತದೆ ಅಷ್ಟೆ. 2004ರಲ್ಲಿ ವಿಜ್ಞಾನಿ ನಥಾಲಿ ಬಲಬಾನ್ ಮತ್ತು ಸಂಗಡಿಗರು ಕೂದಲಿಗಿಂತ ಸಣ್ಣ ಕಾಲುವೆಗಳಲ್ಲಿ ಇ. ಕೋಲಿ ಬ್ಯಾಕ್ಟೀರಿಯಾಗಳನ್ನು ಒಂದೊಂದಾಗಿ ಸೂಕ್ಷ್ಮದರ್ಶಕದಡಿ ನೋಡಿದರು. ಬದುಕಿ ಉಳಿದವು ಮದ್ದು ಬೀಳುವ ಮೊದಲೇ ಬೆಳವಣಿಗೆ ನಿಲ್ಲಿಸಿ ಕೂತಿದ್ದವು. ಆಪತ್ತು ಬರುವ ಮುಂಚೆಯೇ ಪೀಳಿಗೆಯಲ್ಲಿ ಒಂದಿಷ್ಟನ್ನು ಮಲಗಿಸಿಡುವ ಈ ಏರ್ಪಾಟು ನನ್ನನ್ನು ಇಂದಿಗೂ ಬೆರಗಾಗಿಸುತ್ತದೆ.

ಕ್ಷಯದ ಬ್ಯಾಕ್ಟೀರಿಯಾಕ್ಕಂತೂ ನಿದ್ದೆ ಹುಟ್ಟುಗುಣ. ಇ. ಕೋಲಿ ಇಪ್ಪತ್ತು ನಿಮಿಷಕ್ಕೆ ಎರಡಾದರೆ ಇದಕ್ಕೆ ಹತ್ತಿರಹತ್ತಿರ ಒಂದು ದಿನ ಬೇಕು. ಶ್ವಾಸಕೋಶದಲ್ಲಿ ನಮ್ಮ ರಕ್ಷಕ ಕಣಗಳು ಇದನ್ನು ಸುತ್ತುವರಿದು ಗಂಟು ಕಟ್ಟುತ್ತವೆ. ಆ ಗಂಟಿನೊಳಗೆ ಆಮ್ಲಜನಕ ಕಡಿಮೆ, ಆಹಾರ ಕಡಿಮೆ. ಬ್ಯಾಕ್ಟೀರಿಯಾ ಉಸಿರು ಸಣ್ಣದು ಮಾಡಿ ಕಾಯುತ್ತದೆ. ಹಸಿವಿನ ಹೊತ್ತಿನಲ್ಲಿ ಇಂಥ ಬ್ಯಾಕ್ಟೀರಿಯಾ ತನ್ನೊಳಗೆ ಹೊರಡಿಸುವ ಎಚ್ಚರಿಕೆಯ ಅಣುವಿನ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀಪಂಕರ್ ಚಟರ್ಜಿ ಅವರ ತಂಡ ಬಹುಕಾಲ ಕೆಲಸ ಮಾಡಿತು. ಅದೇ ಸಂಸ್ಥೆಯ ಪಿ. ಅಜಿತ್‌ಕುಮಾರ್ ಅವರ ತಂಡ 2017ರಲ್ಲಿ ಇನ್ನೂ ಕಳವಳದ ಸಂಗತಿ ತೋರಿಸಿತು: ಪ್ರಯೋಗಾಲಯದಲ್ಲಿ ಮದ್ದಿನ ನಡುವೆ ಹೀಗೆ ಉಳಿದ ಕ್ಷಯದ ಕಣಗಳಿಂದಲೇ ಮದ್ದಿಗೆ ಬಗ್ಗದ ಹೊಸ ತಳಿ ಹುಟ್ಟಬಲ್ಲದು.

ಚಿಕಿತ್ಸೆಯ ಲೆಕ್ಕ ಇದನ್ನೆಲ್ಲ ನೋಡಿಯೇ ಹಾಕಿದ್ದು. ಮೊದಲ ಎರಡು ತಿಂಗಳು ನಾಲ್ಕು ಮದ್ದು. ಐಸೊನಿಯಾಜಿಡ್ ಬೆಳೆಯುತ್ತಿರುವವನ್ನು ಬೇಗ ಮುಗಿಸುತ್ತದೆ. ಪೈರಾಜಿನಮೈಡ್ ಆಮ್ಲದ ಮೂಲೆಗಳಲ್ಲಿ ಅಡಗಿದವನ್ನು ಹುಡುಕುತ್ತದೆ. ರಿಫಾಂಪಿಸಿನ್ ಹೊಂಚು ಹಾಕಿ ಕೂತು, ಮಲಗಿದ್ದು ಕ್ಷಣಕಾಲ ಮಗ್ಗುಲು ಬದಲಿಸಿದರೂ ಹಿಡಿಯುತ್ತದೆ. ಎಥಾಂಬುಟಾಲ್ ಉಳಿದ ಮದ್ದುಗಳಿಗೆ ಕಾವಲು. ಆಮೇಲೆ ಪೈರಾಜಿನಮೈಡ್ ಬಿಟ್ಟು ಮೂರು ಮದ್ದು, ನಾಲ್ಕು ತಿಂಗಳು. ಆ ನಾಲ್ಕು ತಿಂಗಳು ಪೂರ್ತಿ ಮಲಗಿದವುಗಳ ಪಾಲಿನದು.

ಕಷ್ಟವಿರುವುದೂ ಅಲ್ಲೇ. ಎರಡು ತಿಂಗಳಾಗುವ ಹೊತ್ತಿಗೆ ಕೆಮ್ಮು ನಿಂತಿರುತ್ತದೆ, ರೊಟ್ಟಿ ರುಚಿಸುತ್ತದೆ, ಮೈ ತುಂಬಿಕೊಳ್ಳುತ್ತದೆ. "ಈಗ ಆರಾಮ ಆಗ್ಯಾದ್ರಿ ಅಕ್ಕಾರ, ಇನ್ನ್ಯಾಕ್ರಿ ಗುಳಿಗಿ?" ಎಂದು ಆಶಾ ಕಾರ್ಯಕರ್ತೆಯನ್ನು ಕೇಳುವವರು ಸೋಮಾರಿಗಳಲ್ಲ. ಹರಗಿದ ಹೊಲ ಅವರ ಕಣ್ಣಿಗೆ ಸ್ವಚ್ಛ ಕಾಣುತ್ತಿದೆ. ಅವರನ್ನು ಗದರಿಸುವ ಬದಲು ಮಣ್ಣೊಳಗಿನ ಬೀಜದ ಮಾತು ಹೇಳಿದರೆ ರೈತಾಪಿ ಜನಕ್ಕೆ ಅದು ಒಂದೇ ಮಾತಿಗೆ ತಿಳಿಯುತ್ತದೆ.

ಗುಳೆ ಹೋಗುವವರ ಪಾಡು ಬೇರೆ. ದೀಪಾವಳಿಯ ಹೊತ್ತಿಗೆ ಈ ತಾಲ್ಲೂಕುಗಳಿಂದ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಮಹಾರಾಷ್ಟ್ರ, ಗೋವಾ ದಾರಿ ಹಿಡಿಯುತ್ತವೆ. ಚಿಕಿತ್ಸೆಯ ನಡುವೆಯೇ ಗಂಟು ಕಟ್ಟಬೇಕಾಗುತ್ತದೆ. ಹೊರಡುವ ಮುಂಚೆ ದವಾಖಾನೆಗೆ ತಿಳಿಸಿದರೆ ಸಾಕು, ಚಿಕಿತ್ಸೆಗೆ ಹೆಸರು ಬರೆಸಿದಾಗ ಕೊಡುವ ನಿಕ್ಷಯ್ ಸಂಖ್ಯೆಯ ಮೇಲೆ ದೇಶದ ಯಾವ ಸರ್ಕಾರಿ ಆರೋಗ್ಯ ಕೇಂದ್ರದಲ್ಲೂ ಚಿಕಿತ್ಸೆ ಮುಂದುವರಿಯುತ್ತದೆ. ಪೌಷ್ಟಿಕ ಆಹಾರಕ್ಕೆಂದು ಕೊಡುವ ಹಣ 2024ರ ನವೆಂಬರಿನಿಂದ ತಿಂಗಳಿಗೆ 1000 ರೂಪಾಯಿಯಾಗಿದೆ, ಅದು ಖಾತೆಗೇ ಬರುತ್ತದೆ. ಸೀರೆಯ ಗಂಟಿನಲ್ಲೋ ರೊಟ್ಟಿ ಬುತ್ತಿಯ ಪಕ್ಕದಲ್ಲೋ ಗುಳಿಗೆಯ ಪಟ್ಟಿ, ಆ ಸಂಖ್ಯೆ ಬರೆದ ಚೀಟಿ ಹೋಗಬೇಕು. ಗುಳಿಗೆ ನುಂಗಿದ ಮೇಲೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಅದು ರಕ್ತವಲ್ಲ, ರಿಫಾಂಪಿಸಿನ್ ಮೈಯೊಳಗೆ ಇಳಿದು ಕೆಲಸಕ್ಕೆ ಹತ್ತಿದೆ.