ಹಳದಿ ದೀಪ ಹತ್ತಿದ ಮೇಲೆ

ಹೋದ ತಿಂಗಳು ಒಂಬತ್ತು ಗಂಟೆ ಬುಲೆಟಿನ್ ಮುಗಿಸಿ ಮನೆಗೆ ಹೊರಟಿದ್ದೆ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಳ್ತು. ಗಾಡಿ ಓಡ್ತಾನೇ ಇದೆ, ಹೊಗೆಯಿಲ್ಲ, ಸದ್ದಿಲ್ಲ. ದೀಪ ಮಾತ್ರ ಆರಲ್ಲ. ಮರುದಿನ ಸರ್ವಿಸ್ ಸೆಂಟರ್‌ನಲ್ಲಿ ಕಂಪ್ಯೂಟರ್ ಸಿಕ್ಕಿಸಿ ನೋಡಿದ್ರು. 'ಸರ್, ಇಸಿಯು ಹೋಗಿದೆ, ಬದಲಾಯಿಸಬೇಕು' ಅಂದ್ರು. ಎಸ್ಟಿಮೇಟ್ ನೋಡಿದೆ. ನಾನು ಕೊಂಡ ಮೊದಲ ಸ್ಕೂಟರ್‌ಗೂ ಅಷ್ಟು ದುಡ್ಡು ಕೊಟ್ಟಿರಲಿಲ್ಲ!

ಕೊನೆಗೆ ನಮ್ಮ ಏರಿಯಾದ ಗ್ಯಾರೇಜ್ ಹುಡುಗ ಬಾನೆಟ್ ಎತ್ತಿ ಅರ್ಧ ಗಂಟೆ ತಡಕಾಡಿದ. ಇಲಿ ವೈರ್ ಕಡಿದಿತ್ತು. ಅಷ್ಟೇ.

ಇಸಿಯು ಅಂದ್ರೆ ಎಂಜಿನ್ನಿನ ಮಿದುಳು. ಎಷ್ಟು ಗಾಳಿ ಬಂತು, ಬಿಸಿ ಎಷ್ಟಿದೆ, ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಅಂತ ಸೆನ್ಸಾರ್‌ಗಳು ಅದಕ್ಕೆ ವರದಿ ಕೊಡ್ತಾನೇ ಇರುತ್ತವೆ. ವರದಿ ತಪ್ಪಾಗಿ ಕಂಡ್ರೆ ಅದು ಒಂದು ಕೋಡ್ ಬರೆದಿಟ್ಟು ದೀಪ ಹಚ್ಚುತ್ತೆ. ಆದ್ರೆ ಇಲ್ಲೇ ಇರೋದು ವಿಷಯ. 'ಈ ಕಡೆಯಿಂದ ಬರೋ ಲೆಕ್ಕ ಸರಿಯಿಲ್ಲ' ಅಂತ ಮಾತ್ರ ಆ ಕೋಡ್ ಹೇಳುತ್ತೆ. ಕೆಟ್ಟಿರೋದು ಸೆನ್ಸಾರಾ, ವೈರಾ, ತುಕ್ಕು ಹಿಡಿದ ಕನೆಕ್ಟರಾ, ಸೈಲೆನ್ಸರ್ ಪೈಪಿನ ಸೀಳಾ, ಅದು ಮನುಷ್ಯನೇ ಹುಡುಕಬೇಕು. ಹುಡುಕೋಕೆ ಹೊತ್ತು ಬೇಕು. ಬಿಡಿಭಾಗ ಬದಲಾಯಿಸೋಕೆ ಹತ್ತು ನಿಮಿಷ ಸಾಕು. ಬಿಲ್ ಯಾಕೆ ಬೆಳೆಯುತ್ತೆ ಅಂತ ಈಗ ಗೊತ್ತಾಯ್ತಲ್ಲ?

ಇದು ಕಾರಿನವರ ಗೋಳು ಮಾತ್ರ ಅಂದ್ಕೋಬೇಡಿ. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂತು, ಬೈಕುಗಳಲ್ಲಿದ್ದ ಕಾರ್ಬುರೇಟರ್ ಹೋಗಿ ಫ್ಯುಯಲ್ ಇಂಜೆಕ್ಷನ್ ಬಂತು. ಹೊಗೆ ಕಡಿಮೆಯಾಯ್ತು, ಒಳ್ಳೇದೇ ಆಯ್ತು, ಅದರಲ್ಲಿ ನನ್ನ ತಕರಾರಿಲ್ಲ. ಆದ್ರೆ ಸ್ಕ್ರೂಡ್ರೈವರ್‌ನಲ್ಲಿ ಟ್ಯೂನಿಂಗ್ ಮಾಡ್ತಿದ್ದ ಹಳ್ಳಿ ಮೆಕ್ಯಾನಿಕ್ ಈಗ ಸ್ಕ್ಯಾನರ್ ಕೊಳ್ಳಬೇಕು. ಕೊಂಡರೂ ಕೆಲವು ಭಾಗಗಳನ್ನು ಹೊಸದಾಗಿ ಹಾಕಿದಾಗ ಕಂಪನಿಯ ಸಾಫ್ಟ್‌ವೇರ್‌ನಿಂದಲೇ ಜೋಡಿಸಬೇಕು. ಆ ಬೀಗದ ಕೈ ಇವನ ಹತ್ತಿರ ಇಲ್ಲ.

2022ರ ಸೆಪ್ಟೆಂಬರ್ ಮಳೆ ನೆನಪಿದೆಯಾ? ಬೆಂಗಳೂರಿನ ಹೊರವರ್ತುಲ ರಸ್ತೆ ಕೆರೆಯಾಗಿತ್ತು. ನಾವೇ ದಿನವಿಡೀ ತೋರಿಸಿದ್ವಿ. ಹಳೇ ಗಾಡಿ ನೀರಲ್ಲಿ ನಿಂತ್ರೆ ಬಿಚ್ಚಿ ಒಣಗಿಸಿ ಓಡಿಸಬಹುದಿತ್ತು. ಈಗ ಸೀಟಿನ ಕೆಳಗೂ ಕನೆಕ್ಟರ್, ಕಾರ್ಪೆಟ್ ಕೆಳಗೂ ವೈರು. ಹೊಕ್ಕ ನೀರು ಒಳಗೇ ತುಕ್ಕು ಹಿಡಿಸಿ ತಿಂಗಳುಗಳ ನಂತರ ಕಾಟ ಕೊಡುತ್ತೆ.

ಅಮೆರಿಕದ ಮಸಾಚುಸೆಟ್ಸ್ ರಾಜ್ಯ 2012ರಲ್ಲೇ ಕಾನೂನು ಮಾಡ್ತು, ರಿಪೇರಿ ಮಾಹಿತಿಯನ್ನ ಹೊರಗಿನ ಗ್ಯಾರೇಜ್‌ಗೂ ಕೊಡಬೇಕು ಅಂತ. ಪುಕ್ಕಟೆ ಅಲ್ಲ, ನ್ಯಾಯವಾದ ಬೆಲೆಗೆ. ನಮ್ಮಲ್ಲಿ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿಗೆ ಸಮಿತಿ ಮಾಡ್ತು, ಪೋರ್ಟಲ್ಲೂ ತೆರೀತು, ವಾಹನಗಳನ್ನೂ ಸೇರಿಸ್ತು. ಪೋರ್ಟಲ್ ಸರಿ ಸ್ವಾಮಿ, ನಮ್ಮ ಗ್ಯಾರೇಜ್ ಹುಡುಗನ ಕೈಗೆ ಆ ಸಾಫ್ಟ್‌ವೇರ್ ಯಾವಾಗ?

ಅಲ್ಲಿವರೆಗೆ ದೀಪ ಹತ್ತಿದ್ರೆ ಕೋಡ್ ನಂಬರ್ ಬರೆಸಿಕೊಳ್ಳಿ. ವೈರಿಂಗ್ ಚೆಕ್ ಮಾಡಿದ್ರಾ ಅಂತ ಕೇಳಿ. ಬದಲಾಯಿಸಿದ ಹಳೇ ಭಾಗವನ್ನ ಮನೆಗೆ ತನ್ನಿ.